ಮೆಡಲಿನ ಮಗ್ಗುಲು

ಚಂದ್ರವಳ್ಳಿಗೆ ಬೆಳಗಿನ ವಾಕಿಂಗ್ ಬರುವವರಲ್ಲಿ ಎರಡು ಪಂಗಡ. ತಲೆ ಎತ್ತಿ ನಡೆಯುವವರು ಒಂದು. ಇವರಿಗೆ ಕೆರೆ ಕಾಣುತ್ತದೆ, ಬಂಡೆ ಕಾಣುತ್ತದೆ, ಅಂಕಲಿ ಮಠದ ದಾರಿ ಕಾಣುತ್ತದೆ, ಎದುರಿಗೆ ಬರುವ ಸಾಲ ಕೊಟ್ಟವನೂ ಕಾಣುತ್ತಾನೆ. ತಲೆ ತಗ್ಗಿಸಿ ನಡೆಯುವವರು ಇನ್ನೊಂದು. ಇವರಿಗೆ ಕತ್ತುನೋವೆಂದು ಯಾರೂ ಮರುಗಬೇಕಾಗಿಲ್ಲ. ರಾತ್ರಿ ಜೋರು ಮಳೆ ಬಿದ್ದಿದ್ದರೆ ಬೆಳಿಗ್ಗೆ ಈ ಪಂಗಡ ದುಪ್ಪಟ್ಟಾಗುತ್ತದೆ. ಮಣ್ಣು ಕೊಚ್ಚಿಹೋದ ಕಡೆ ಏನಾದರೂ ದುಂಡಗೆ ಕಂಡೀತು ಎಂಬ ಆಸೆ.

ಆಸೆಗೆ ಆಧಾರವೂ ಇದೆ ಅನ್ನಿ. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಬೆಟ್ಟಗಳ ಮಡಿಲಲ್ಲಿರುವ ಈ ನೆಲ ಶಾತವಾಹನರ ನಾಣ್ಯ ಕೊಟ್ಟಿದೆ, ತನ್ನನ್ನು ಮಹಾರಠಿ ಎಂದು ಕರೆದುಕೊಂಡ ಸದಕಣ ಕಳಲಾಯನ ಸೀಸದ ನಾಣ್ಯ ಕೊಟ್ಟಿದೆ, ರೋಮಿನ ಅಗಸ್ಟಸ್, ಟೈಬೀರಿಯಸರ ಬೆಳ್ಳಿಯನ್ನೂ ಕೊಟ್ಟಿದೆ. ಮೈಸೂರಿನ ಡಾ. ಎಂ. ಎಚ್. ಕೃಷ್ಣ 1929ರ ಸುಮಾರಿಗೆ ಇಲ್ಲಿ ಅಗೆಸಿದರು. 1947ರಲ್ಲಿ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವೀಲರ್ ಇಲ್ಲಿಗೂ ಬಂದರು. ಈ ವೀಲರ್ ಬರೀ ಪ್ರೊಫೆಸರಲ್ಲ. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದು ಮಿಲಿಟರಿ ಕ್ರಾಸ್ ಪಡೆದವರು, ಎರಡನೆಯದರಲ್ಲಿ ಬ್ರಿಗೇಡಿಯರ್ ಆಗಿದ್ದು ಅಲ್ಲಿಂದಲೇ ನಮ್ಮ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದವರು. ಅವರ ಹಟ ಒಂದೇ: ಸಿಕ್ಕ ವಸ್ತು ಎಷ್ಟು ಚೆಂದ ಎಂಬುದಲ್ಲ, ಯಾವ ಪದರದಲ್ಲಿ, ಯಾವುದರ ಪಕ್ಕ ಸಿಕ್ಕಿತು ಎಂಬುದು ಮುಖ್ಯ. ರೋಮಿನ ನಾಣ್ಯವನ್ನು ಕಿಸೆಗೆ ಹಾಕಿಕೊಂಡು ಹೋದರೆ ಒಂದು ತುಂಡು ಬೆಳ್ಳಿ. ಇದ್ದಲ್ಲೇ ಇದ್ದರೆ ಅದರ ಜೊತೆ ಬಿದ್ದ ಮಡಕೆ ಚೂರಿಗೆಲ್ಲ ವಯಸ್ಸು ಸಿಗುತ್ತದೆ.

ಕಿಸೆಗೆ ಹಾಕಿಕೊಳ್ಳುವ ಹಾಗೂ ಇಲ್ಲ ಎಂಬುದು ಬೇರೆ ಮಾತು. ನೆಲದಲ್ಲಿ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು 1878ರಲ್ಲೇ ಕಾಯಿದೆ ಆಗಿತ್ತು. ಆ ಕಾಲದ ಹತ್ತು ರೂಪಾಯಿಗೆ ಹಸು ಬರುತ್ತಿತ್ತೇನೋ, ಈಗ ಒಂದು ಟೀ.

ಕೆರೆಯ ಪಕ್ಕದ ಕಲ್ಲಿನ ಮೇಲೆ ಮೂರನೆಯದೊಂದು ಪಂಗಡ ಕೂರುತ್ತದೆ. ನಡೆಯಲೆಂದು ಬಂದು ನಡೆಯದವರು. ನಾನು ಇದರ ಖಾಯಂ ಸದಸ್ಯ. ಅಧ್ಯಕ್ಷರು ನಮ್ಮ ಸುಬೇದಾರರು, ಮದ್ರಾಸ್ ಸ್ಯಾಪರ್ಸ್‌ನಿಂದ ಪಿಂಚಣಿ ಪಡೆದು ಬಂದವರು. ಅವರಿಗೆ ಮಂಡಿ ಸವೆದಿದೆ, ದನಿ ಸವೆದಿಲ್ಲ. ಊರಿನಲ್ಲಿ ಯಾರ ಮನೆಯ ಅಟ್ಟದಲ್ಲಿ ಹಳೆಯ ಮೆಡಲ್ ಸಿಕ್ಕರೂ ಕರವಸ್ತ್ರದಲ್ಲಿ ಸುತ್ತಿಕೊಂಡು ಇವರ ಹತ್ತಿರ ತರುತ್ತಾರೆ. ತಂದವರು ಮೊದಲು ರಾಜನ ತಲೆ ತೋರಿಸುತ್ತಾರೆ. ಸುಬೇದಾರರು ಅದನ್ನು ನೋಡುವುದೇ ಇಲ್ಲ. ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ಅಡ್ಡಲಾಗಿ ತಿರುಗಿಸುತ್ತಾರೆ.

"ಮುಖ ಏನ್ ನೋಡ್ತೀರಿ? ಮುಖ ಲಕ್ಷ ಜನಕ್ಕೆ ಒಂದೇ. ಮಗ್ಗುಲು ನೋಡ್ರಿ."

ಮಾತು ನಿಜ. ಯುದ್ಧದ ಪದಕ ಎಂಬುದು ಮುಂಭಾಗದಲ್ಲಿ ಸರ್ಕಾರದ ಸ್ವತ್ತು, ಹಿಂಭಾಗದಲ್ಲಿ ಕಲಾವಿದನ ಸ್ವತ್ತು. ಪಡೆದವನಿಗೆ ಉಳಿಯುವುದು ಅಂಚು, ಅಲ್ಲಿ ಒತ್ತಿದ ಒಂದು ಸಾಲು: ನಂಬರು, ಹುದ್ದೆ, ಹೆಸರು, ಪಲ್ಟನ್ನು. ಸ್ವಾತಂತ್ರ್ಯಾನಂತರದ ನಮ್ಮ ಪದಕಗಳಲ್ಲೂ ಇದೇ ಪದ್ಧತಿ. ನಂಬರಿನ ಮುಂದೆ 'ಜೆಸಿ' ಇದ್ದರೆ ಸುಬೇದಾರರ ಸಾಲಿನವರು, 'ಐಸಿ' ಇದ್ದರೆ ಅಫೀಸರು. 1965ರದಕ್ಕೆ ರಕ್ಷಾ ಪದಕ, ಸಮರ ಸೇವಾ ಸ್ಟಾರ್. 1971ರದಕ್ಕೆ ಸಂಗ್ರಾಮ ಪದಕ, ಜೊತೆಗೆ ಬಾಂಗ್ಲಾ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್, ಪಾಕಿಸ್ತಾನದ ಕಡೆ ಇದ್ದವರಿಗೆ ಪಶ್ಚಿಮಿ ಸ್ಟಾರ್. ಇಷ್ಟು ತಿಳಿದರೆ ತಾತ ಹೇಳುತ್ತಿದ್ದ ಢಾಕಾದ ಕತೆ ಢಾಕಾದ್ದೋ ರಾಜಸ್ಥಾನದ್ದೋ ಗೊತ್ತಾಗಿಬಿಡುತ್ತದೆ. ಕೆಲವು ಮನೆಗಳಲ್ಲಿ ಇದನ್ನು ಗಟ್ಟಿಯಾಗಿ ಓದದಿರುವುದು ಕ್ಷೇಮ.

ಇನ್ನು ಚಿತ್ರ ನೋಡಿ ಗುರುತಿಸುವ ನಮ್ಮವರ ಬಗೆಯೇ ಬೇರೆ. ಮೊದಲ ಮಹಾಯುದ್ಧದ ಬೆಳ್ಳಿ ಪದಕದ ಹಿಂಬದಿಯಲ್ಲಿ ಕುದುರೆ ಏರಿದ ಬೆತ್ತಲೆ ವೀರನೊಬ್ಬ ಇದ್ದಾನೆ, ಹದ್ದಿನ ಗುರಾಣಿ ತುಳಿಯುತ್ತಿರುವ ಸಂತ ಜಾರ್ಜ್. ನಮ್ಮ ಕಡೆ ಅವನು ಮೈಲಾರಲಿಂಗನಾಗಿ ಭಂಡಾರ ಬಳಿಸಿಕೊಂಡಿದ್ದಾನೆ. ಎರಡನೆಯ ಯುದ್ಧದ ವಾರ್ ಮೆಡಲ್ ಹಿಂದೆ ಸಿಂಹವೊಂದು ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತಿದೆ. ಪೂರ್ವದ ಶತ್ರು, ಪಶ್ಚಿಮದ ಶತ್ರು ಎಂದು ಎರಡು ತಲೆ. ಹೊಳಲ್ಕೆರೆಯ ಕಡೆಯಿಂದ ಬಂದ ಒಬ್ಬರು ಇದನ್ನು ಕಂಡು ಕೆಂಡವಾದರು. "ಗಂಡಭೇರುಂಡನ್ನ ತುಳಿಸವ್ರೆ ನೋಡಿ ಸಾರ್!" ಮೈಸೂರಿನ ಅರಸರ ಲಾಂಛನವನ್ನು ಮೈಸೂರಿನವರಿಗೇ ತುಳಿಸಿ ಕೊಟ್ಟರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅದು ಗಂಡಭೇರುಂಡವಲ್ಲ, ರೆಕ್ಕೆ ಗಮನಿಸಿ, ಉಗುರು ಗಮನಿಸಿ ಎಂದು ಒಪ್ಪಿಸುವ ಹೊತ್ತಿಗೆ ಬಿಸಿಲು ಏರಿತ್ತು.

ಅಂಚು ಓದುವುದಕ್ಕೆ ದೊಡ್ಡ ಶತ್ರು ಕಳ್ಳನಲ್ಲ, ಭಕ್ತ. ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಮೆಡಲಿನ ಯಜಮಾನ ಬದುಕಿದ್ದಾಗ ಬ್ರಾಸೊ ಹಚ್ಚಿ ಉಜ್ಜಿದ್ದು ಸಾಲದೆಂದು ಸೊಸೆಯಂದಿರು ದೀಪದ ಕಂಬದ ಜೊತೆ ಇದನ್ನೂ ಬೆಳಗುತ್ತಾರೆ. ಹಬ್ಬ ಹಬ್ಬಕ್ಕೆ ಒಂದೊಂದು ಅಕ್ಷರ ತೆಳುವಾಗುತ್ತದೆ. ಕಿಲುಬು ಹಿಡಿದ ಪದಕವನ್ನು ಕಂಡರೆ ಸುಬೇದಾರರಿಗೆ ಸಂತೋಷ, ಫಳಫಳ ಹೊಳೆಯುವುದನ್ನು ಕಂಡರೆ ಅನುಮಾನ.

ಕಳ್ಳನ ಬಗೆ ಇನ್ನೊಂದು. ಸಾದಾ ಪಲ್ಟನ್ನಿನ ಹೆಸರನ್ನು ಅರದಿಂದ ಉಜ್ಜಿ ತೆಗೆದು, ಹೆಸರಾಂತ ಪಲ್ಟನ್ನಿನ ಹೆಸರು ಕೊರೆಯುತ್ತಾನೆ, ಬೆಲೆ ಏರುತ್ತದೆ. ಅಕ್ಷರ ಎಷ್ಟೇ ಚೆಂದ ಬರೆದರೂ ಉಜ್ಜಿದ ಲೋಹ ವಾಪಸ್ ಬರುವುದಿಲ್ಲ. ಈ ದುಂಡು ಪದಕಗಳ ಅಡ್ಡಳತೆ ಸಾಮಾನ್ಯವಾಗಿ 36 ಮಿಲಿಮೀಟರು. ಲೇತ್ ಅಂಗಡಿಯ ವರ್ನಿಯರ್ ಹಿಡಿದು ನೋಡಿದರೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಹಳೆಯ ಕಾಲದವು ಹೆಚ್ಚಾಗಿ ಅಚ್ಚಿನಿಂದ ಒತ್ತಿದ ಅಕ್ಷರ, ಮೋಸದ್ದು ಎಷ್ಟೋ ಸಲ ಉಳಿಯಿಂದ ಕೊರೆದ ಅಕ್ಷರ. ಬೆರಳು ಸವರಿದರೆ ಉಗುರಿಗೆ ತಿಳಿಯುತ್ತದೆ.

ಹೆಸರೇ ಇಲ್ಲದವು ಬಂದಾಗ ಫಜೀತಿ. ನಮ್ಮ ನಾಡಿಗೆ ಸಂಬಂಧಪಟ್ಟ ಅತ್ಯಂತ ಪ್ರಸಿದ್ಧ ಪದಕವೇ ಹಾಗಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಟಂಕಸಾಲೆಯಲ್ಲಿ ಅಚ್ಚು ಹಾಕಿಸಿದ್ದು, ಚಿತ್ರ ಕೆತ್ತಿದವನು ಕ್ಯೂಕ್ಲರ್. ಒಂದು ಬದಿಯಲ್ಲಿ ಬ್ರಿಟಿಷ್ ಸಿಂಹ ಟಿಪ್ಪುವಿನ ಹುಲಿಯನ್ನು ಕೆಡವಿಕೊಂಡಿದೆ, ಇನ್ನೊಂದು ಬದಿಯಲ್ಲಿ ಕೋಟೆಗೆ ನುಗ್ಗುತ್ತಿದ್ದಾರೆ. ದೊಡ್ಡವರಿಗೆ ಚಿನ್ನದ್ದು, ಅವರಿಗಿಂತ ಕೆಳಗಿನವರಿಗೆ ಚಿನ್ನದ ನೀರು ಬಿಟ್ಟ ಬೆಳ್ಳಿ, ಆಮೇಲೆ ಬೆಳ್ಳಿ, ಕಂಚು, ಕಟ್ಟಕಡೆಗೆ ನಿಜವಾಗಿ ಗೋಡೆ ಹತ್ತಿದ ಸಿಪಾಯಿಗೆ ತವರ. ಸೋಹೊದ್ದು 48 ಮಿಲಿಮೀಟರು, ಮುಂದೆ ಕಲ್ಕತ್ತೆಯಲ್ಲಿ ಹೊಡೆದದ್ದು 45. ಯಾವುದರಲ್ಲೂ ಪಡೆದವನ ಹೆಸರಿಲ್ಲ, ನೇತುಹಾಕಲು ಕೊಂಡಿಯೂ ಇಲ್ಲ. ಕೊಂಡಿ ಬೇಕಾದವರು ಅಕ್ಕಸಾಲಿಗನ ಹತ್ತಿರ ಹೋಗಬೇಕು. ಆದ್ದರಿಂದ ನಮ್ಮಜ್ಜನ ಅಜ್ಜ ಆ ದಿನ ಕೋಟೆ ಹತ್ತಿದ್ದ ಎಂದು ಯಾರಾದರೂ ಈ ಪದಕ ತೋರಿಸಿದರೆ ಪದಕ ಅವರ ಪರ ಸಾಕ್ಷಿ ಹೇಳುವುದಿಲ್ಲ, ವಿರುದ್ಧವೂ ಹೇಳುವುದಿಲ್ಲ. ಅದರಲ್ಲೊಂದು ತಮಾಷೆ: ಸಿಂಹದ ಮೇಲಿನ ಬಾವುಟದಲ್ಲಿ ದೇವರ ಸಿಂಹಕ್ಕೆ ಜಯ ಎಂಬರ್ಥದ ಅರಬ್ಬಿ ಒಕ್ಕಣೆ ಇದೆ. ಅದೇ ಒಕ್ಕಣೆಯನ್ನು ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಯ ಮುಖದ ಆಕಾರದಲ್ಲಿ ಬರೆಸಿಕೊಳ್ಳುತ್ತಿದ್ದ. ಗೆದ್ದವರು ಊರಿನ ಜೊತೆ ಘೋಷಣೆಯನ್ನೂ ಎತ್ತಿಕೊಂಡು ಹೋದರು.

ಕನ್ನಡ ಬಲ್ಲವರು ಬೀಗಬಹುದಾದ ಪದಕವೂ ಒಂದಿದೆ. ಬೀಗಬೇಕೋ ಬೇಡವೋ ಆಮೇಲೆ ಯೋಚಿಸೋಣ. 1837ರಲ್ಲಿ ಕೊಡಗು ಮತ್ತು ಸುಳ್ಯ ಸೀಮೆಯಲ್ಲಿ ರೈತರು ಕಂಪನಿಯ ವಿರುದ್ಧ ಎದ್ದರು. ಅದನ್ನು ಅಡಗಿಸಲು ಕಂಪನಿಯ ಪರ ನಿಂತ ಕೊಡಗಿನವರಿಗೆ ಕೊಟ್ಟ ಪದಕದಲ್ಲಿ ಕೋವಿ ಹಿಡಿದ ಕೊಡವ ಯೋಧ ನಿಂತಿದ್ದಾನೆ, ಅವನ ಸುತ್ತ ಕನ್ನಡ ಅಕ್ಷರಗಳಲ್ಲಿ ಕನ್ನಡ ಒಕ್ಕಣೆ. ಹಿಂಬದಿಯಲ್ಲಿ ಇಂಗ್ಲಿಷು. ಲಂಡನ್ನಿನ ಹರಾಜಿನಲ್ಲಿ ಕನ್ನಡಕ ಏರಿಸಿ, ಭೂತಗನ್ನಡಿ ಹಿಡಿದು ಯಾವ ಕಡೆ ಮೇಲೆ, ಯಾವ ಕಡೆ ಕೆಳಗೆ ಎಂದು ಒದ್ದಾಡುವವರ ಪಕ್ಕ ನಮ್ಮೂರ ನಾಲ್ಕನೇ ಕ್ಲಾಸಿನ ಹುಡುಗಿಯನ್ನು ನಿಲ್ಲಿಸಿದರೆ ಕೂಡಿಸಿ ಕೂಡಿಸಿ ಓದಿಬಿಟ್ಟಾಳು. ಓದಿದ ಮೇಲೆ ಏನು ಹೇಳಬೇಕೆಂಬುದೇ ಕಷ್ಟ. ಕಂಪನಿ ಸರ್ಕಾರಕ್ಕೆ ನಿಷ್ಠೆ ತೋರಿದ್ದಕ್ಕೆ ಮೆಚ್ಚಿ ಕೊಟ್ಟದ್ದು ಎಂಬುದು ಅದರ ತಾತ್ಪರ್ಯ. ಅದೇ ದಂಗೆಗಾಗಿ ಮಡಿಕೇರಿಯ ಕೋಟೆಯಲ್ಲಿ 1837ರ ಅಕ್ಟೋಬರ್ 31ರಂದು ನೇಣಿಗೇರಿದ ಗುಡ್ಡೆಮನೆ ಅಪ್ಪಯ್ಯಗೌಡರ ಪ್ರತಿಮೆ ಈಗ ಮಡಿಕೇರಿಯಲ್ಲಿದೆ. ಒಂದೇ ಗಲಾಟೆಯಲ್ಲಿ ಒಂದು ಕಡೆಯವರಿಗೆ ಆಗಲೇ ಪದಕ ಸಿಕ್ಕಿತು, ಇನ್ನೊಂದು ಕಡೆಯವರು ಪ್ರತಿಮೆಗೆ ಒಂದು ಶತಮಾನಕ್ಕಿಂತ ಹೆಚ್ಚು ಕಾದರು. ಸಂಗ್ರಹಕಾರರು ಇದನ್ನು ಅಪರೂಪದ ವಸ್ತು ಎನ್ನುತ್ತಾರೆ, ಬೆಲೆ ಹೇಳುತ್ತಾರೆ. ಯಾವ ಬದಿಯ ಕತೆ ಎಂದು ಕೇಳಿದರೆ ಆಲ್ಬಮ್ಮಿನ ಪುಟ ತಿರುಗಿಸುತ್ತಾರೆ.

ಅಂದಹಾಗೆ ನಾವು ಕೂರುವ ಕಲ್ಲಿನಿಂದ ತುಸು ದೂರದಲ್ಲೇ ಇನ್ನೂ ಹಳೆಯ ಗೌರವಪಟ್ಟಿಯಿದೆ. ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲಿನ ಕದಂಬ ಮಯೂರಶರ್ಮನ ಶಾಸನ. ಪ್ರಾಕೃತದಲ್ಲಿ ಮೂರು ಸಾಲು. ಕೆರೆ ಕಟ್ಟಿಸಿದ್ದು ಮುಖ್ಯ ವಿಷಯ, ಆದರೆ ಕಟ್ಟಿಸಿದವನು ಯಾರು ಎನ್ನುವಾಗ ತ್ರೇಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸಯಿಂದಕ, ಪುನಾಟ, ಮೋಕರಿ ಇಷ್ಟೂ ಜನರನ್ನು ಗೆದ್ದವನು ಎಂದು ಎಂ. ಎಚ್. ಕೃಷ್ಣ ಓದಿದರು. ಆ ಓದನ್ನು ಒಪ್ಪದ ವಿದ್ವಾಂಸರು ಇದ್ದಾರೆ, ಅವರ ಜಗಳ ಅವರಿಗಿರಲಿ. ಪದಕದ ಪಟ್ಟಿಯ ಮೇಲೆ ಯುದ್ಧಕ್ಕೊಂದರಂತೆ ಲೋಹದ ಅಡ್ಡಪಟ್ಟಿ ಏರಿಸುತ್ತಾರಲ್ಲ, ಕ್ಲಾಸ್ಪ್ ಎನ್ನುತ್ತಾರೆ, ಅಷ್ಟನ್ನೂ ಮಯೂರಶರ್ಮ ಬಂಡೆಯ ಮೇಲೆ ಏರಿಸಿದ್ದಾನೆ. ಕೆರೆಯ ನೀರು ಕುಡಿಯುವವನು ಓದಲಿ ಎಂದು ಕೆರೆಯ ಪಕ್ಕವೇ ಕೆತ್ತಿಸಿದ್ದು ಜಾಣತನ.

ಸಾಮಾನ್ಯ ಬಂಟನಿಗೆ ಬಂಡೆ ಎಲ್ಲಿಂದ ಬರಬೇಕು? ಅವನಿಗೆ ವೀರಗಲ್ಲು. ಸತ್ತ ಮೇಲೆ. ಮನೆಯವರಿಗೆ ನೆತ್ತರುಕೊಡಗೆ ಎಂದು ಹೊಲ. ಇದನ್ನು ಕೇಳಿದಾಗಲೆಲ್ಲ ಸುಬೇದಾರರು ಗಂಭೀರವಾಗುತ್ತಾರೆ. "ನೋಡ್ರಿ, ಅದು ವ್ಯವಸ್ಥೆ. ಪದಕ ಬಿತ್ತಿದ್ರೆ ರಾಗಿ ಬೆಳೀತದಾ?"

ಮಿನಿಯೇಚರ್ ಎಂಬ ಮರಿ ಪದಕಗಳ ಸಂಸಾರ ಬೇರೆ. ಅಸಲು ಪದಕದ ಅರ್ಧ ಅಳತೆ, 32 ಮಿಲಿಮೀಟರಿನ ಪಟ್ಟಿಗೆ 16ರ ಪಟ್ಟಿ. ಸಂಜೆಯ ಮೆಸ್ಸಿನ ಊಟಕ್ಕೆ ಅಫೀಸರುಗಳು ಹಾಕಿಕೊಳ್ಳುವ ಅಲಂಕಾರ. ಸರ್ಕಾರ ಕೊಟ್ಟದ್ದಲ್ಲ, ಅಂಗಡಿಯಲ್ಲಿ ಕೊಂಡದ್ದು. ಹಾಗಾಗಿ ಅಂಚಿನಲ್ಲಿ ಹೆಸರಿಲ್ಲ, ನಂಬರಿಲ್ಲ, ಎಷ್ಟೋ ಸಲ ಹಿಂಭಾಗದ ಚಿತ್ರವೂ ಅರ್ಧಂಬರ್ಧ. ಒಂದೇ ಪದಕಕ್ಕೆ ಹತ್ತು ಅಂಗಡಿಯ ಹತ್ತು ಮುಖ. ಒಂಟಿ ಮಿನಿಯೇಚರ್ ಯಾರದೆಂದು ಬ್ರಹ್ಮನೂ ಹೇಳಲಾರ. ಆದರೆ ಐದಾರು ಒಂದೇ ಸಲಾಕೆಗೆ ಹೊಲಿದಿದ್ದರೆ ಮಾತು ಬೇರೆ. ಯಾವ ಯಾವ ಪದಕ, ಯಾವ ಅನುಕ್ರಮ, ಯಾವುದು ಇಲ್ಲ ಎಂದು ನೋಡುತ್ತ ಹೋದರೆ ಒಬ್ಬನ ನೌಕರಿ ಬಿಚ್ಚಿಕೊಳ್ಳುತ್ತದೆ. ನಡುವೆ ಒಂದು ಶೌರ್ಯ ಪದಕವಿದ್ದರಂತೂ ಅದನ್ನು ಪಡೆದವರ ಹೆಸರು ಗೆಜೆಟ್ಟಿನಲ್ಲಿ ಅಚ್ಚಾಗಿರುತ್ತದೆ, ಮಿಕ್ಕ ಪದಕಗಳ ಜೊತೆ ತಾಳೆ ಹಾಕಿದರೆ ನೂರು ಜನರ ಪಟ್ಟಿ ಇಬ್ಬರು ಮೂವರಿಗೆ ಇಳಿಯುತ್ತದೆ. ಸಲಾಕೆ ಬಿಚ್ಚಿದರೋ, ಮುಗಿಯಿತು.

ಬಿಚ್ಚುವುದೂ ಸಹಜ, ಯಾಕೆಂದರೆ ಚಿಕ್ಕದಾಗಿ ಮುದ್ದಾಗಿರುತ್ತವೆ. ಬ್ರೋಚಾಗುತ್ತವೆ, ಗೊಂಬೆಯ ಕೊರಳಿಗೆ ಹೋಗುತ್ತವೆ. ಒಮ್ಮೆ ಆಗಸ್ಟ್ ಹದಿನೈದಕ್ಕೆ ಶಾಲೆಯೊಂದರ ವೇಷಭೂಷಣ ಸ್ಪರ್ಧೆಯಲ್ಲಿ ಒನಕೆ ಓಬವ್ವ ವೇದಿಕೆಗೆ ಬಂದಳು. ಚಿತ್ರದುರ್ಗದಲ್ಲಿ ವೇಷ ಸ್ಪರ್ಧೆ ಎಂದರೆ ಓಬವ್ವನಿಗೆ ಬರವೇ? ಈ ಓಬವ್ವನ ಸೆರಗಿಗೆ ಮಾತ್ರ ಯಾರದೋ ಅಜ್ಜನ ಬರ್ಮಾ ಸ್ಟಾರಿನ ಮರಿ ಚುಚ್ಚಿತ್ತು. ತೀರ್ಪುಗಾರರೊಬ್ಬರು ಇದು ಕಾಲವಿರುದ್ಧ ಎಂದು ಅಂಕ ಕಳೆಯಲು ಹೊರಟರು. ಸುಬೇದಾರರು ಮುಖ್ಯ ಅತಿಥಿ. "ಕಳೀಬೇಡ್ರಿ ಮೇಡಂ. ಕಿಂಡಿ ಕಾಯ್ದೋಳಿಗೆ ಹೈದರಾಲಿ ಕಾಲ್ದಿಂದ ಬಾಕಿ ಇತ್ತು, ಈಗ ಕೊಟ್ಟವ್ರೆ" ಅಂದರು. ಮೊದಲ ಬಹುಮಾನ ಅವಳಿಗೇ.

ಇಷ್ಟೆಲ್ಲ ಹೇಳಿದ್ದು ಹಿರಿಯೂರು ಕಡೆಯ ಒಂದು ಮನೆಯ ವಿಷಯಕ್ಕೆ ಬರಲು. ಹೆಸರು ಬೇಡ, ಅಣ್ಣ, ತಮ್ಮ, ತಂಗಿ ಮೂವರೂ ಇನ್ನೂ ಪರಸ್ಪರ ಮಾತಾಡುತ್ತಿದ್ದಾರೆ. ಅವರ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರ. 1914ರಲ್ಲಿ ಮೈಸೂರು ಸಂಸ್ಥಾನದ ಈ ಕುದುರೆ ಪಡೆ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಸೇರಿ ಹೈಫಾ ಪಟ್ಟಣವನ್ನು ಹಿಡಿಯಿತು. ಎದುರಿಗೆ ಮೆಷೀನ್ ಗನ್ನು, ಪಕ್ಕದಲ್ಲಿ ಕಾರ್ಮೆಲ್ ಬೆಟ್ಟ, ಇವರ ಕೈಯಲ್ಲಿ ಭರ್ಜಿ ಮತ್ತು ಕತ್ತಿ. 1,350 ಮಂದಿ ಸೆರೆ ಸಿಕ್ಕರು, 17 ಫಿರಂಗಿ ಸಿಕ್ಕವು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ಮೈಸೂರಿನವನು, ಮಿಕ್ಕವರು ಜೋಧಪುರ, ಹೈದರಾಬಾದಿನವರು. ನಮ್ಮ ಜನಕ್ಕೆ ತೀನ್ ಮೂರ್ತಿ ಎಂದರೆ ನೆಹರೂ ಮನೆ. ಬಾಗಿಲಲ್ಲಿ ನಮ್ಮವನೇ ಕಾವಲು ನಿಂತಿದ್ದರೂ ಒಳಗಿನವರನ್ನೇ ಕೇಳುತ್ತೇವೆ.

ಮುತ್ತಜ್ಜ ಮೂರು ಪದಕ ತಂದಿದ್ದ. ಅಡ್ಡಕತ್ತಿಯ 1914-15 ಸ್ಟಾರು, ಬೆಳ್ಳಿಯ ವಾರ್ ಮೆಡಲು, ರೆಕ್ಕೆಯ ಹೆಂಗಸಿರುವ ಕಂಚಿನ ವಿಕ್ಟರಿ ಮೆಡಲು. ಮನೆ ಭಾಗವಾದಾಗ ಹೊಲ, ಹಂಡೆ, ಕೊಪ್ಪರಿಗೆಯ ಜೊತೆ ಇವನ್ನೂ ಹಂಚಿಕೊಂಡರು. ಹಿರಿಯ ಕತ್ತಿ ಇದ್ದದ್ದನ್ನು ತೆಗೆದುಕೊಂಡ, ಕಿರಿಯ ಬೆಳ್ಳಿಯನ್ನು ತೆಗೆದುಕೊಂಡ. ರೆಕ್ಕೆಯ ಹೆಂಗಸು ಯಾವುದೋ ಅಮ್ಮನೇ ಇರಬೇಕೆಂದು ತಂಗಿ ತನ್ನ ಮನೆಯ ದೇವರ ಜಗಲಿಗೆ ಒಯ್ದಳು. ಬೆಳ್ಳಿಯದು ಕರಗದೆ ಉಳಿದದ್ದೇ ಪುಣ್ಯ. 1980ರಲ್ಲಿ ಬೆಳ್ಳಿಯ ಬೆಲೆ ಗಗನಕ್ಕೇರಿದಾಗ ಇಂಗ್ಲೆಂಡಿನಲ್ಲೇ ಇಂಥವು ರಾಶಿ ರಾಶಿ ಮೂಸೆಗೆ ಬಿದ್ದಿದ್ದವು.

ಈಗ ಮೊಮ್ಮಗನೊಬ್ಬನಿಗೆ ಹೈಫಾದ ಹುಚ್ಚು ಹತ್ತಿ ಮೂರನ್ನೂ ಒಂದು ಬೆಳಿಗ್ಗೆ ಚಂದ್ರವಳ್ಳಿಗೆ ತರಿಸಿದ, ಯಜಮಾನರು ಸಮೇತ. ಸ್ಟಾರಿನ ಬೆನ್ನ ಮೇಲೆ ನಂಬರು, ಹೆಸರು ಸ್ಪಷ್ಟ. ಫ್ರಾನ್ಸಿಗೆ ಮೊದಲ ತಿಂಗಳುಗಳಲ್ಲೇ ಹೋದವರದು 1914 ಸ್ಟಾರ್, ಈಜಿಪ್ಟಿಗೆ ಹೋದವರದು ಈ 1914-15, ಅಲ್ಲಿಗೆ ಅದು ಸರಿ. ಬೆಳ್ಳಿಯ ಅಂಚು ಮಾತ್ರ ಹುಣಸೆಹಣ್ಣಿಗೆ ಬಲಿಯಾಗಿ ನುಣ್ಣಗಾಗಿತ್ತು. ಇದು ಮುತ್ತಜ್ಜನದಲ್ಲ, ಇನ್ಯಾರದೋ, ನನಗೆ ಮೋಸವಾಗಿದೆ ಎಂದು ಕಿರಿಯರ ತಕರಾರು ಹಳೆಯದು. ಸುಬೇದಾರರು ಆವತ್ತು ಮೊದಲ ಬಾರಿ ಮುಖ ನೋಡಿದರು. ಎಡಕ್ಕೆ ಮುಖ ಮಾಡಿದ ಐದನೆಯ ಜಾರ್ಜನ ಮೂಗು, ಗಡ್ಡದ ಸುತ್ತ ಮೈಲಿ ಕಲೆಯಂಥ ಸಣ್ಣ ಸಣ್ಣ ಗುಳಿ. ಸ್ಟಾರನ್ನು ಎಡಗಡೆ ಅದರ ಮೇಲೆ ಅರ್ಧ ಬರುವಂತೆ ತೂಗು ಹಾಕಿ ಅಲ್ಲಾಡಿಸಿದರು. ಕತ್ತಿಯ ತುದಿ ನೇರ ಗುಳಿಗೆ ಹೋಗಿ ಕೂತಿತು. ಸವಾರ ಕುದುರೆ ಮೇಲೆ ಕುಕ್ಕಿದಾಗಲೆಲ್ಲ ಕಂಚು ಬೆಳ್ಳಿಯನ್ನು ಕುಟ್ಟಿದೆ. ಪಲ್ಟನ್ನಿನಲ್ಲಿ ತೊಡುವ ಕ್ರಮವೂ ಅದೇ: ಮೊದಲು ಸ್ಟಾರು, ಅದರ ಮಗ್ಗುಲಿಗೆ ಬೆಳ್ಳಿ, ಆಮೇಲೆ ವಿಕ್ಟರಿ.

ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿಯಲ್ಲ, ಒಪ್ಪುತ್ತೇನೆ. ಬೇರೊಬ್ಬನ ಸ್ಟಾರೂ ಇಂಥದೇ ಗುಳಿ ಮಾಡೀತು. ಆದರೂ ವೀಲರ್ ಇದ್ದಿದ್ದರೆ ತಲೆದೂಗುತ್ತಿದ್ದರು. ಪಕ್ಕದಲ್ಲಿ ಏನಿತ್ತು ಎಂಬುದಕ್ಕೆ ವಸ್ತುವಿನ ಮೈಮೇಲೇ ಗುರುತು. ಮೂರನೆಯದನ್ನು ತಂಗಿ ಸೆರಗಿನ ಗಂಟು ಬಿಚ್ಚಿ ಕೊಟ್ಟರು. ಅದನ್ನು ಆಕೆ ಯಾವತ್ತೂ ಬೆಳಗಿರಲಿಲ್ಲ, ಕುಂಕುಮ ಮಾತ್ರ ಏರಿಸಿದ್ದರು. ವರ್ಷಗಳ ಕುಂಕುಮ ಅಂಚಿನ ಅಕ್ಷರಗಳೊಳಗೆ ಇಳಿದು ಕೂತು, ನಂಬರು, ಸವಾರ್, ಹೆಸರು, ಮೈಸೂರು ಲ್ಯಾನ್ಸರ್ಸ್ ಎಲ್ಲ ಕೆಂಪಗೆ ಓದಲು ಬಂತು. ಸ್ಟಾರಿನ ನಂಬರೇ. ಪುಸ್ತಕ ಓದಿದ ಸಂಗ್ರಹಕಾರರು ಪದಕಕ್ಕೆ ಏನನ್ನೂ ಹಚ್ಚಬಾರದು ಎನ್ನುತ್ತಾರೆ, ನಾನೂ ಹಾಗೇ ಹೇಳುತ್ತಿದ್ದೆ. ಆ ಅಕ್ಷರ ಕಂಡ ಮೇಲೆ ಸುಮ್ಮನಿದ್ದೆ.

"ಇವು ಮೂರೂ ಇನ್ಮೇಲೆ ಒಂದೇ ಕಡೆ ಇರ್ಬೇಕು" ಎಂದರು ಸುಬೇದಾರರು.

"ಆಗ್ಲಿ, ತಮ್ಮ ಅದನ್ನ ನಮ್ಮನೆಗೆ ತಂದಿಡ್ಲಿ" ಎಂದರು ಹಿರಿಯರು.

"ಯಾಕಂತೆ? ಸ್ಟಾರೇ ನಮ್ಮನೆಗೆ ಬರ್ಲಿ. ಬೆಳ್ಳಿ ಓಡಾಡಬಾರದು" ಎಂದರು ಕಿರಿಯರು.

ಅಷ್ಟು ಹೊತ್ತೂ ಮಾತಾಡದಿದ್ದ ತಂಗಿ ವಿಕ್ಟರಿ ಮೆಡಲನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡು ಎದ್ದರು. "ಅಣ್ಣಾ, ಅಮ್ಮನ್ನ ಜಗಲಿಯಿಂದ ಕದಲಿಸಬಾರದು. ನೀವಿಬ್ರೂ ನಿಮ್ಮವನ್ನ ತಂದು ನಮ್ಮನೇಲಿ ಕೊಡಿ. ನಾಳೆ ಶುಕ್ರವಾರ."